ಅಪ್ಪೆಮಿಡಿ ಮಾರಲು ಇನ್‌ಸ್ಟಾಗ್ರಾಂ ಒಳ್ಳೆಯದಾ, ಎಕ್ಸ್ ಒಳ್ಳೆಯದಾ?

ಸಾಗರ, ಹೊಸನಗರದ ಕಡೆ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವವರು ಮೊದಲು ಇನ್‌ಸ್ಟಾಗ್ರಾಂ ಹಿಡಿಯಿರಿ. ಮಿಡಿಯ ತೊಟ್ಟು, ಸೊನೆ, ಭರಣಿಗೆ ಉಪ್ಪು ಹಾಕುವ ಕೈ, ಇವನ್ನು ರೀಲ್ಸ್‌ನಲ್ಲಿ ತೋರಿಸಿದರೆ ಫಾಲೋ ಮಾಡದವರಿಗೂ ತಲುಪುತ್ತದೆ. ಬೆಂಗಳೂರಲ್ಲಿರುವ ಮಲೆನಾಡಿಗರ ಬಾಯಲ್ಲಿ ನೀರೂರದೆ ಇರುತ್ತಾ?

ಎಕ್ಸ್‌ನಲ್ಲಿ ಮಾತೇ ಮುಖ್ಯ. ಉಚಿತ ಖಾತೆಯಲ್ಲಿ ಒಂದು ಪೋಸ್ಟ್‌ಗೆ 280 ಅಕ್ಷರ ಅಷ್ಟೇ. ಆಗುಂಬೆ ಘಾಟಿ ತೆರೆದಿದೆಯಾ, ಜೋಗದಲ್ಲಿ ನೀರು ಹೇಗಿದೆ ಅಂತ ತಕ್ಷಣ ತಿಳಿಸಲು ಅದು ಚೆನ್ನ. ಹಾಗಾಗಿ ಹೋಮ್‌ಸ್ಟೇಯವರಿಗೆ ಜಾಸ್ತಿ ಉಪಯೋಗ.

ಫೇಸ್‌ಬುಕ್? ಊರಿನ ಗುಂಪುಗಳಲ್ಲಿ ಹಿರಿಯರು ಸಿಗುತ್ತಾರೆ.

ಯಾವುದನ್ನೇ ಆರಿಸಿ, ಗಿರಾಕಿಗಳ ಫೋನ್ ನಂಬರ್ ಮಾತ್ರ ನಿಮ್ಮ ಹತ್ತಿರವೇ ಬರೆದಿಟ್ಟುಕೊಳ್ಳಿ. ಕನ್ನಡಿಗರೂ ಬರೆಯುತ್ತಿದ್ದ, ಬೆಂಗಳೂರಿನದೇ ಆದ ‘ಕೂ’ ಅನ್ನೋ ಆ್ಯಪ್ 2024ರಲ್ಲಿ ಮುಚ್ಚಿಹೋಯಿತು, ಅಲ್ವಾ?