ಕೆತ್ತಿದ ಕುಂಬಳಕ್ಕೆ ಬ್ಲೀಚೋ, ವಿನೆಗರೋ?

ಹ್ಯಾಲೋವೀನ್‌ಗೆ ಮುಖ ಕೆತ್ತಿದ ಸಿಹಿಕುಂಬಳ ಮಂಗಳೂರಿನ ಅಕ್ಟೋಬರ್ ಸೆಕೆಯಲ್ಲಿ ಬೇಗ ಬೂಷ್ಟು ಹಿಡಿಯುತ್ತದೆ. ಯಾವ ದಾರಿ ಹಿಡಿದರೂ ಮೊದಲು ಒಳಗಿನ ಬೀಜ, ನಾರು ಪೂರ್ತಿ ತೆಗೆಯಿರಿ. ಸ್ಟೀಲ್ ಚಮಚದ ಅಂಚಿನಿಂದ ಕೆರೆಯುತ್ತಾ ಹೋಗಿ, ಒಳಗೋಡೆ ಕೈಗೆ ಗಟ್ಟಿಯಾಗಿ ಸಿಗಬೇಕು. ಹಸಿ ನಾರು ಉಳಿದಲ್ಲೇ ಕೊಳೆಯಲು ಶುರು.

ವಿನೆಗರ್ ಅಡುಗೆಮನೆಯಲ್ಲೇ ಸಿಗುತ್ತದೆ, ಬೂಷ್ಟನ್ನೂ ಸ್ವಲ್ಪ ತಡೆಯುತ್ತದೆ. ಆದರೆ ಅದರ ಹುಳಿ ವಾಸನೆಗೆ ಹಣ್ಣಿನ ನೊಣಗಳು ಓಡಿ ಬರುತ್ತವೆ. ಹಾಗಾಗಿ ನನ್ನ ಆಯ್ಕೆ ಬ್ಲೀಚ್. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಾಕು. ಕೈಗವಸು ಹಾಕಿ ಮುಳುಗಿಸಿ, ತೆಗೆದು ಬೋರಲು ಹಾಕಿ, ಫ್ಯಾನ್ ಗಾಳಿಗೆ ಪೂರ್ತಿ ಒಣಗಿಸಿ. ಎರಡನ್ನೂ ಬೆರೆಸಲೇಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಬ್ಲೀಚ್ ಹಾಕಿದ್ದನ್ನು ಆಮೇಲೆ ದನಕ್ಕೆ ಹಾಕುವ ಹಾಗೂ ಇಲ್ಲ. ದನಕ್ಕೆ ಹಾಕುವ ಯೋಚನೆ ಇದ್ದರೆ ಎರಡೂ ಬೇಡ, ಸುಮ್ನೆ ಫ್ರಿಜ್ಜಿನಲ್ಲಿಟ್ಟು ಸಂಜೆ ಮಾತ್ರ ಹೊರಗೆ ತೆಗೆಯಿರಿ.

ಕತ್ತರಿಸಿದ ಅಂಚು ಸುಕ್ಕಾಗದಂತೆ ಕೆಲವರು ತೆಂಗಿನೆಣ್ಣೆ ಹಚ್ಚುತ್ತಾರೆ. ಅದು 24 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ನಮ್ಮ ಸೆಕೆಗೆ ಹರಿದು ಹೋಗುತ್ತದೆ. ಪೆಟ್ರೋಲಿಯಂ ಜೆಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಆದರೆ ಅದಕ್ಕೆ ಬೆಂಕಿ ತಾಗಬಹುದು, ಆದ್ದರಿಂದ ಮೇಣದ ಬತ್ತಿ ಬೇಡ, ಬ್ಯಾಟರಿಯ ಎಲ್ಇಡಿ ದೀಪ ಇಡಿ. ಮೇಣದ ಬತ್ತಿಯ ಬಿಸಿಗೆ ಒಳಗಿನ ತಿರುಳು ಬೆಂದು ಬೇಗ ಮೆತ್ತಗೂ ಆಗುತ್ತದೆ.

ಇರುವೆಗೆ ಮಾತ್ರ ಹಳೇ ಉಪಾಯವೇ ಸೈ: ಅಗಲ ತಟ್ಟೆಗೆ ನೀರು ಹಾಕಿ, ನಡುವೆ ಬಟ್ಟಲು ಬೋರಲಿಟ್ಟು ಅದರ ಮೇಲೆ ಕುಂಬಳ ಕೂರಿಸಿ.