ಕಲಬುರಗಿ ಮನೆಯ ವಿಪಿಎನ್: ಬ್ರೂಮ್ 2, ಮೈಕ್ರೋಟಿಕ್, ರಾಸ್‌ಬೆರಿ ಪೈ, ಯಾವುದು ತಾನಾಗಿ ಮೇಲೇಳುತ್ತದೆ?

ಮೊದಲೇ ಹೇಳಿಬಿಡುತ್ತೇನೆ: ಮನೆಯಲ್ಲಿಡಲು ಜಿಎಲ್-ಐನೆಟ್‌ನ ಬ್ರೂಮ್ 2 ರೂಟರ್, ಪ್ರಯಾಣದ ಬ್ಯಾಗಿಗೆ ಅದೇ ಕಂಪನಿಯ ಪುಟ್ಟ ರೂಟರ್ ಬೆರಿಲ್ ಎಎಕ್ಸ್. ಮೈಕ್ರೋಟಿಕ್ ಹ್ಯಾಪ್ ಎಸಿ2 ರೂಟರ್, ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಎರಡನ್ನೂ ಇದೇ ಕೆಲಸಕ್ಕೆ ಹಚ್ಚಿ ನೋಡಿಯೇ ಹೇಳುತ್ತಿರುವ ಮಾತು. ಜರ್ಮನಿಯಲ್ಲೋ ಮಸ್ಕತ್‌ನಲ್ಲೋ ಕೂತು ಲ್ಯಾಪ್‌ಟಾಪ್ ತೆರೆದರೂ ಅದು ಇಂಟರ್ನೆಟ್ಟಿಗೆ ಹೊರಡುವುದು ಕಲಬುರಗಿ ಮನೆಯ ಫೈಬರ್ ಮೂಲಕ ಆಗಬೇಕು, ಅಷ್ಟೇ ಕೆಲಸ. ಅಲ್ಲಿಂದ ಮನೆಯವರೆಗಿನ ಈ ಗುಪ್ತ ಸುರಂಗಕ್ಕೇ (ಟನಲ್) ವಿಪಿಎನ್ ಎನ್ನುವುದು. ವೇಗದ ಅಂಕಿಗಳನ್ನು ಬಿಡಿ. ಬ್ರೂಮ್ ವೈರ್‌ಗಾರ್ಡ್‌ನಲ್ಲಿ (ವಿಪಿಎನ್ ಕಟ್ಟುವ ಒಂದು ವಿಧಾನ) 355 ಎಂಬಿಪಿಎಸ್ ಕೊಡುತ್ತದೆ ಎಂದು ಕಂಪನಿ ಹೇಳುತ್ತದೆ. ಮನೆಯ ಪ್ಲ್ಯಾನ್ 100 ಇದ್ದರೆ ಅದನ್ನು ಕಟ್ಟಿಕೊಂಡು ಏನು ಮಾಡುವುದು? ಮನೆಯ ಅಪ್‌ಲೋಡ್ ಎಷ್ಟೋ, ಪರದೇಶದಲ್ಲಿ ನಿಮ್ಮ ಡೌನ್‌ಲೋಡ್ ಅಷ್ಟೇ. ನಾನು ನೋಡಿದ್ದು ಒಂದೇ: ಲೈಟ್ ಹೋಗಿ ಬಂದ ಮೇಲೆ ಯಾರೂ ಮುಟ್ಟದೆ ಯಾವುದು ಎದ್ದು ನಿಲ್ಲುತ್ತದೆ?

ಈ ಲೆಕ್ಕದಲ್ಲಿ ಮೊದಲು ಬೀಳುವುದು ಪೈ. ಎಸ್‌ಡಿ ಕಾರ್ಡಿಗೆ ಲಾಗ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲ್ ಸಿಸ್ಟಮ್ ಕೆಡುತ್ತದೆ. ಮುಂದಿನ ಸಲ ಅದು ಅರ್ಧಕ್ಕೇ ನಿಂತು ಕೀಬೋರ್ಡ್ ಕೇಳುತ್ತದೆ, ಮನೆಯಲ್ಲಿ ಮಾನಿಟರ್ರೂ ಇಲ್ಲ, ಕೀಬೋರ್ಡೂ ಇಲ್ಲ. ಇದಕ್ಕೆ ಉಪಾಯವಿದೆ: ಎಲ್ಲ ಸೆಟಪ್ ಮುಗಿಸಿದ ಮೇಲೆ ಪೈಯ ಸೆಟ್ಟಿಂಗ್ ಸಾಧನ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ, ಆಮೇಲೆ ಬರೆಯುವುದೆಲ್ಲ ರ್‍ಯಾಮ್‌ನಲ್ಲೇ, ಕಾರ್ಡ್ ಮುಟ್ಟುವುದಿಲ್ಲ. ಅಡಾಪ್ಟರ್ 5.1 ವೋಲ್ಟ್ 3 ಆಂಪ್ಸ್‌ದ್ದೇ ಬೇಕು. ಹಳೆ ಫೋನ್ ಚಾರ್ಜರ್ ಹಚ್ಚಿದರೆ ವೋಲ್ಟೇಜ್ ಕುಸಿದು ಪ್ರೊಸೆಸರ್ ನಿಧಾನವಾಗುತ್ತದೆ.

ಮೈಕ್ರೋಟಿಕ್ ಗಟ್ಟಿ ಪೆಟ್ಟಿಗೆ, ಅದರಲ್ಲಿ ಎರಡು ಮಾತಿಲ್ಲ. ಅದರ ಡಿಸಿ ಸಾಕೆಟ್ 12ರಿಂದ 30 ವೋಲ್ಟ್‌ವರೆಗೆ ಒಪ್ಪುವುದರಿಂದ ಫೈಬರ್ ಪೆಟ್ಟಿಗೆಯ ಜತೆ ಅದನ್ನೂ 12 ವೋಲ್ಟ್ ಮಿನಿ ಯುಪಿಎಸ್‌ಗೆ ಹಚ್ಚಬಹುದು. ವೈರ್‌ಗಾರ್ಡ್ ಬೇಕಾದರೆ ಅದರ ಸಾಫ್ಟ್‌ವೇರ್ ರೂಟರ್ ಓಎಸ್ 7 ಇರಲೇಬೇಕು, 6ರಲ್ಲಿ ಅದು ಇಲ್ಲ. ಹೊಸಬರು ಎಡವುವುದು ಫೈರ್‌ವಾಲ್‌ನಲ್ಲಿ. ವೈರ್‌ಗಾರ್ಡ್‌ನ ಯುಡಿಪಿ ಪೋರ್ಟನ್ನು (ಟ್ರಾಫಿಕ್ ಒಳಬರುವ ಸಂಖ್ಯೆಯ ಬಾಗಿಲು; ಇದರಲ್ಲಿ ಡೀಫಾಲ್ಟ್ 13231) ಒಳಬಿಡುವ ನಿಯಮ ಬರೆಯುತ್ತಾರೆ, ಅದು ಪಟ್ಟಿಯ ಕೊನೆಗೆ ಹೋಗಿ ಕೂರುತ್ತದೆ. ಅದರ ಮೇಲೆ 'ಲ್ಯಾನ್‌ನಿಂದ ಬಾರದ್ದೆಲ್ಲ ಬಿಸಾಕು' ಎಂಬ ನಿಯಮ ಮೊದಲೇ ಇರುತ್ತದೆ, ಹ್ಯಾಂಡ್‌ಶೇಕ್ (ಎರಡು ತುದಿಗಳ ಮೊದಲ ಕೈಕುಲುಕು) ಬಾಗಿಲಲ್ಲೇ ಸಾಯುತ್ತದೆ. ನಿಯಮವನ್ನು ಎಳೆದು ಅದರ ಮೇಲಕ್ಕೆ ಹಾಕಿ, ವೈರ್‌ಗಾರ್ಡ್ ಇಂಟರ್‌ಫೇಸನ್ನು ಲ್ಯಾನ್ ಪಟ್ಟಿಗೆ ಸೇರಿಸಿ. ಇಲ್ಲವಾದರೆ ಟನಲ್ ಎದ್ದರೂ ರೂಟರಿನ ಡಿಎನ್ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಉತ್ತರ ಕೊಡುವುದಿಲ್ಲ.

ಬ್ರೂಮ್‌ನಲ್ಲಿ ಇದೆಲ್ಲ ಹತ್ತು ನಿಮಿಷದ ಕೆಲಸ. ವೈಫೈ ಇಲ್ಲ, ಬೇಕಾಗಿಯೂ ಇಲ್ಲ. ಈಗಿರುವ ರೂಟರಿಗೆ ಒಂದು ಕೇಬಲ್ ಎಳೆದರೆ ಸಾಕು. ವೈರ್‌ಗಾರ್ಡ್ ಸರ್ವರ್ ಆನ್ ಮಾಡಿ, ಡಿಡಿಎನ್ಎಸ್ (ಐಪಿ ಬದಲಾದರೂ ಮನೆಗೆ ಒಂದೇ ಹೆಸರು ಉಳಿಸುವ ಸೇವೆ) ಆನ್ ಮಾಡಿ, ಹಳೆ ರೂಟರಿನಲ್ಲಿ ಯುಡಿಪಿ 51820 ಪೋರ್ಟನ್ನು ಬ್ರೂಮ್ ಕಡೆ ತಿರುಗಿಸಿ. ಬೆರಿಲ್‌ಗೆ ಒಂದು ಪ್ರೊಫೈಲ್ (ಕೀಗಳಿರುವ ಸೆಟ್ಟಿಂಗ್ ಫೈಲ್), ಫೋನಿಗೆ ಇನ್ನೊಂದು. ಒಂದೇ ಪ್ರೊಫೈಲನ್ನು ಎರಡರಲ್ಲೂ ಹಾಕಿದರೆ ಸರ್ವರ್ ಉತ್ತರವನ್ನು ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಕಳಿಸಿ ಎರಡೂ ಒದ್ದಾಡುತ್ತವೆ. ಮನೆಯ ನೆಟ್‌ವರ್ಕ್ 192.168.1 ಇದ್ದರೆ ಅದನ್ನು 192.168.57ರಂಥ ಯಾರೂ ಇಡದ ಸಂಖ್ಯೆಗೆ ಬದಲಿಸಿಬಿಡಿ, ಅರ್ಧ ಹೋಟೆಲುಗಳು 192.168.1ರಲ್ಲೇ ಇರುತ್ತವೆ, ಎರಡೂ ಕಡೆ ಒಂದೇ ಇದ್ದರೆ ದಾರಿ ಗೊಂದಲವಾಗುತ್ತದೆ.

ಈಗ ನಿಜವಾದ ಪಿರಿಪಿರಿಗೆ ಬರೋಣ. ಪೆಟ್ಟಿಗೆ ಯಾವುದೇ ತನ್ನಿ, ಮನೆಯ ಕನೆಕ್ಷನ್ನಿಗೆ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪಬಹುದಾದ ಸ್ವಂತ ವಿಳಾಸ) ಇಲ್ಲದಿದ್ದರೆ ಹೊರಗಿನಿಂದ ಯಾರೂ ಅದರ ಬಾಗಿಲು ಬಡಿಯಲಾರರು. ಫೈಬರ್ ಪೆಟ್ಟಿಗೆಯ ಸ್ಟೇಟಸ್ ಪುಟದಲ್ಲಿ ವ್ಯಾನ್ (ಹೊರಗಿನ ಕಡೆಯ) ಐಪಿ ನೋಡಿ. ಅದು 100.64ರಿಂದ 100.127ರೊಳಗೆ ಅಥವಾ 10ರಿಂದ ಶುರುವಾಗಿದ್ದರೆ ಒಂದೇ ಐಪಿಯನ್ನು ಹತ್ತಾರು ಮನೆಗೆ ಹಂಚಿದ್ದಾರೆ ಎಂದರ್ಥ, ಸಿಜಿನ್ಯಾಟ್ ಎನ್ನುವುದು ಇದಕ್ಕೇ. ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ವ್ಯರ್ಥ. ಕೇಬಲ್‌ನವರಿಗೆ ಫೋನ್ ಹಚ್ಚಿದರೆ "ನೆಟ್ ನಡೀಲಕತ್ತದಲ್ರೀ ಸರ್, ಮತ್ತೇನು?" ಎಂಬ ಉತ್ತರ ಬರುತ್ತದೆ. ಸಿಜಿನ್ಯಾಟ್ ಎಂಬ ಪದವನ್ನೇ ಎತ್ತಬೇಡಿ. 'ಸಿಸಿಟಿವಿ ಹೊರಗಿಂದ ನೋಡಬೇಕು, ಸ್ಟ್ಯಾಟಿಕ್ ಐಪಿ ಬೇಕು' ಎಂದರೆ ತಟ್ಟನೆ ಅರ್ಥವಾಗುತ್ತದೆ, ಅದಕ್ಕೆ ಬೇರೆ ದುಡ್ಡು ಕಟ್ಟಬೇಕಾಗುತ್ತದೆ. ಐಪಿ ಬಂದ ಮೇಲೆ ಫೈಬರ್ ಪೆಟ್ಟಿಗೆಯ ಅಡ್ಮಿನ್ ಪಾಸ್‌ವರ್ಡ್ ಕೂಡ ಕೇಳಿಟ್ಟುಕೊಳ್ಳಿ, ಪೋರ್ಟ್ ತಿರುಗಿಸಬೇಕಾದ್ದು ಅದರಲ್ಲೂ ಇರುತ್ತದೆ.

ಸ್ಟ್ಯಾಟಿಕ್ ಐಪಿ ಕೊಡುವುದೇ ಇಲ್ಲ ಎಂದರೆ ಎರಡು ದಾರಿ. ಒಂದು ಟೇಲ್‌ಸ್ಕೇಲ್ ಎಂಬ ವಿಪಿಎನ್ ಸೇವೆ: ಮನೆಯ ಪೆಟ್ಟಿಗೆಯೇ ಹೊರಗೆ ಕರೆ ಮಾಡುವುದರಿಂದ ಪಬ್ಲಿಕ್ ಐಪಿ ಬೇಕಿಲ್ಲ. ಎರಡೂ ತುದಿ ನೇರ ಕೂಡಿದರೆ ಸೊಗಸು, ಕೂಡದಿದ್ದರೆ ಟೇಲ್‌ಸ್ಕೇಲ್‌ನವರ ರಿಲೇ (ನಡುವಿನ ಸರ್ವರ್) ಮೂಲಕ ಹಾದು ವಿಡಿಯೋ ಕಾಲ್ ತೊದಲುತ್ತದೆ. (ಟೇಲ್‌ಸ್ಕೇಲ್ ಕೊಡುವ ವಿಳಾಸವೂ 100ರಿಂದಲೇ ಶುರು, ಅದನ್ನು ನೋಡಿ ಸಿಜಿನ್ಯಾಟ್ ಎಂದು ಗಾಬರಿಯಾಗಬೇಡಿ.) ಈ ಒಂದು ವಿಷಯದಲ್ಲಿ ಪೈಗೇ ಪೂರ್ಣ ಅಂಕ; ಎಕ್ಸಿಟ್ ನೋಡ್ (ಟ್ರಾಫಿಕ್ ಇಂಟರ್ನೆಟ್ಟಿಗೆ ಹೊರಡುವ ತುದಿ) ಮಾಡುವುದು ಅದರಲ್ಲಿ ಎರಡು ಸಾಲಿನ ಕೆಲಸ. ಇನ್ನೊಂದು ದಾರಿ, ಮುಂಬೈಯಲ್ಲಿ ಅಗ್ಗದ ಬಾಡಿಗೆ ಸರ್ವರ್ ಹಿಡಿದು ಮನೆ ಮತ್ತು ಬೆರಿಲ್ ಎರಡನ್ನೂ ಅಲ್ಲಿಗೆ ಕೂಡಿಸುವುದು. ಆಗ ಸರ್ವರಿನಲ್ಲಿ ಮನೆಯ ಪೀರ್‌ಗೆ (ಟನಲ್‌ನ ಮನೆ ಕಡೆಯ ತುದಿಗೆ) 'ಎಲ್ಲ ಟ್ರಾಫಿಕ್' ಎಂದು ಬರೆದು ರೂಟಿಂಗ್ ಟೇಬಲ್ ಬೇರೆ ಮಾಡದೆ ಬಿಟ್ಟರೆ ಸರ್ವರಿನ ಸ್ವಂತ ಎಸ್ಎಸ್ಎಚ್ (ದೂರದಿಂದ ಅದಕ್ಕೆ ಲಾಗಿನ್ ಆಗುವ ದಾರಿ) ಕೂಡ ಟನಲ್ ಒಳಗೆ ಹೋಗಿ, ನೀವೇ ಹೊರಗೆ ಉಳಿಯುತ್ತೀರಿ. ಮನೆ ಕಡೆಯಿಂದ ಕೀಪ್‌ಅಲೈವ್ (ಸಂಪರ್ಕ ಕಡಿಯದಂತೆ ಕಳಿಸುವ ಸಣ್ಣ ಸಂದೇಶ) 25 ಸೆಕೆಂಡ್ ಇಡಿ.

ಬ್ಯಾಗಿನ ತುದಿಯಲ್ಲಿ ಬೆರಿಲ್‌ಗೆ ಪೈಪೋಟಿಯೇ ಇಲ್ಲ. ಹೋಟೆಲಿನ ಲಾಗಿನ್ ಪುಟ ದಾಟುವುದು ಮೈಕ್ರೋಟಿಕ್‌ನಲ್ಲಿ ಸರ್ಕಸ್, ಇದರಲ್ಲಿ ಸಲೀಸು. ವಿಪಿಎನ್ ಅಲ್ಲದ ಟ್ರಾಫಿಕ್ ತಡೆಯುವ ಆಯ್ಕೆಯನ್ನು ಲಾಗಿನ್ ಮುಗಿದ ಮೇಲೆ ಆನ್ ಮಾಡಿ. ಲ್ಯಾಪ್‌ಟಾಪ್‌ಗೆ ಕೇಬಲ್ ಹಚ್ಚಿ. ಪುಟ ಅರ್ಧ ತೆರೆದು ನಿಂತರೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1420ರಿಂದ 1280ಕ್ಕೆ ಇಳಿಸಿ.

ಒಂದು ವಿಚಿತ್ರ ತೊಂದರೆ ಮಾತ್ರ ತಿಳಿದಿರಲಿ. ಈ ಪುಟ್ಟ ರೂಟರುಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಪ್ಲಗ್ ಕಿತ್ತು ಹಾಕಿದರೆ ಹಳೆ ದಿನಾಂಕದಲ್ಲಿ ಎದ್ದೇಳುತ್ತವೆ. ವೈರ್‌ಗಾರ್ಡ್ ಪ್ರತಿ ಹ್ಯಾಂಡ್‌ಶೇಕಿನಲ್ಲೂ ಸಮಯದ ಮುದ್ರೆ ಕಳಿಸುತ್ತದೆ. ಹಿಂದೆ ಕಂಡದ್ದಕ್ಕಿಂತ ಹಳೆ ಮುದ್ರೆ ಬಂದರೆ ಮನೆಯ ಸರ್ವರ್ ಸುಮ್ಮನೆ ಬಿಸಾಕುತ್ತದೆ, ಎರರ್ ಕೂಡ ಕಾಣುವುದಿಲ್ಲ. ಹೋಟೆಲ್ ವೈಫೈ ಸಮಯದ 123ನೇ ಪೋರ್ಟ್ ತಡೆದಿದ್ದರೆ ಗಂಟೆಗಟ್ಟಲೆ ಕೀಗಳನ್ನೇ ತಿದ್ದುತ್ತ ಕೂರುತ್ತೀರಿ. ಮೊದಲು ದಿನಾಂಕ ನೋಡಿ, ಕೈಯಾರೆ ಸರಿಪಡಿಸಿ.

ಬ್ರೂಮ್‌ಗೆ 5 ವೋಲ್ಟ್ ಯುಎಸ್‌ಬಿ-ಸಿ ಬೇಕು. ಹಾಗಾಗಿ ಮಿನಿ ಯುಪಿಎಸ್ ತರುವಾಗ 12 ವೋಲ್ಟ್ ಜತೆ 5 ವೋಲ್ಟ್ ಔಟ್‌ಪುಟ್ಟೂ ಇರುವುದನ್ನೇ ನೋಡಿ. ಇನ್ವರ್ಟರ್ ಇರುವ ಮನೆಯಲ್ಲಿ ಅದರ ಹಿಂಬದಿಯ ಸ್ವಿಚ್ ಇಕೊ ಕಡೆ ಇದ್ದರೆ ಯುಪಿಎಸ್ ಕಡೆ ತಿರುಗಿಸಿ, ಇಕೊದಲ್ಲಿ ಬದಲಾಗುವ ಕ್ಷಣಕ್ಕೇ ರೂಟರ್ ರೀಬೂಟ್ ಆಗುತ್ತದೆ. ಪರ್ಸಿ (ಕಲ್ಲು ಚಪ್ಪಡಿ) ಮಾಳಿಗೆಯ ಕೆಳಗಿನ ಅಟ್ಟದಲ್ಲಿ ಮೇ ತಿಂಗಳಲ್ಲಿ ಯಾವ ಪೆಟ್ಟಿಗೆಯನ್ನೂ ಇಡಬೇಡಿ. ಬ್ರೂಮ್‌ನ ಅಲ್ಯೂಮಿನಿಯಂ ಮಾದರಿಗೆ ನಾಲ್ಕು ದುಡ್ಡು ಹೆಚ್ಚು ಕೊಟ್ಟರೂ ಈ ಊರಿನ ಬಿಸಿಲಿಗೆ ನಷ್ಟವಿಲ್ಲ.

ನೀವು ಕೆಲಸ ಮಾಡುವ ಕಂಪನಿಗೆ ತಿಳಿಸಿಯೇ ಹೋಗಿ. ದುಬೈ ಕಡೆಯವರು ಅಲ್ಲಿನ ಕಾನೂನನ್ನೂ ಓದಿಕೊಳ್ಳಿ. ಅಪರಾಧಕ್ಕಾಗಿ ವಿಪಿಎನ್ ಬಳಸಿದರೆ ದಂಡ 5 ಲಕ್ಷ ದಿರಹಂನಿಂದ ಶುರು.

ಮೂರು ತಿಂಗಳಿಗಿಂತ ಹೆಚ್ಚು ಹೊರಗಿರುವವರು, ಸ್ಟ್ಯಾಟಿಕ್ ಐಪಿ ಸಿಕ್ಕವರು ಬ್ರೂಮ್-ಬೆರಿಲ್ ಜೋಡಿಯನ್ನೇ ತನ್ನಿ. ಮೈಕ್ರೋಟಿಕ್ ಮೊದಲೇ ಪಳಗಿದ್ದರೆ ಮನೆ ತುದಿಗೆ ಅದೇ ಇರಲಿ. ಐಪಿ ಸಿಗದೆ, ಕೈಯಲ್ಲಿ ದುಡ್ಡೂ ಕಡಿಮೆ ಇದ್ದರೆ ಪೈ, ಟೇಲ್‌ಸ್ಕೇಲ್, ಮೇಲೆ ಹೇಳಿದ ಓವರ್‌ಲೇ. ಹೊರಡುವ ವಾರ ಸೇಡಂ ರೋಡಿನ ಗೆಳೆಯನ ಮನೆಯ ವೈಫೈಗೆ ಬೆರಿಲ್ ಹಚ್ಚಿ ಕೂತು, ನಿಮ್ಮ ಮನೆಯವರಿಗೆ ಮೇನ್ ಸ್ವಿಚ್ ಐದು ನಿಮಿಷ ಇಳಿಸಿ ಏರಿಸಲು ಹೇಳಿ. ಮಿನಿ ಯುಪಿಎಸ್ ಒಮ್ಮೆ ತೆಗೆದೂ ನೋಡಿ. ಪೆಟ್ಟಿಗೆಗಳ ಮೇಲೆ 1, 2, 3 ಎಂದು ದಪ್ಪಗೆ ಬರೆದು ಅಂಟಿಸಿ. "ತಮ್ಮಾ, ಇಲ್ಲಿ ಮೂರು ಡಬ್ಬಿ ಅವ, ಯಾವುದು ಬಂದ್ ಮಾಡ್ಲಿ?" ಎಂದು ಅವ್ವ ಕೇಳಿದಾಗ "ಎರಡು" ಎಂದರೆ ಸಾಕು.