ಬಸವನಗುಡಿಯಲ್ಲಿ ನಾಲ್ಕು ಭಾನುವಾರ: ಪ್ರಾಚೀನ ಈಜಿಪ್ಟಿನ ಪದಗಳ ತರಗತಿ

ಬಸವನಗುಡಿಯ ಸಣ್ಣ ಸಭಾಂಗಣವೊಂದರಲ್ಲಿ ನಾಲ್ಕು ಭಾನುವಾರಗಳ ಬೆಳಿಗ್ಗೆ ನಡೆದ ಪ್ರಾಚೀನ ಈಜಿಪ್ಟ್ ಭಾಷೆಯ ಪದಪರಿಚಯ ತರಗತಿಗೆ 2,400 ರೂಪಾಯಿ ಕೊಟ್ಟು ಸೇರಿದ್ದೆ. ಪಿರಮಿಡ್ಡು, ಮಮ್ಮಿಗಳ ಚಿತ್ರ ತೋರಿಸಿ ಕಳುಹಿಸಿಬಿಡುತ್ತಾರೇನೋ ಎಂಬ ಅಳುಕಿತ್ತು. ಹಾಗಾಗಲಿಲ್ಲ, ಮೇಷ್ಟ್ರು ಮೊದಲ ದಿನವೇ ಕರಿಹಲಗೆಯ ಮುಂದೆ ನಿಂತು ಒಂದೇ ಪದವನ್ನು ಮುಕ್ಕಾಲು ಗಂಟೆ ಬಿಡಿಸಿದರು.

ಆ ಪದ ‘ಪೆರ್’, ಅಂದರೆ ಮನೆ. ಕೆಳಗಿನ ಗೆರೆಯಲ್ಲಿ ಬಾಗಿಲಿನಷ್ಟು ಜಾಗ ಬಿಟ್ಟು ಬರೆದ ಒಂದು ಆಯತ, ಮನೆಯ ನಕ್ಷೆಯಂತೆಯೇ. ಅದರ ಜೊತೆಗೆ ಒಂದು ಗೀಟು ಹಾಕಿದರೆ ಮನೆ ಎಂದೇ ಅರ್ಥ. ಗೀಟಿನ ಬದಲು ಬಾಯಿಯ ಚಿತ್ರವನ್ನೂ ನಡೆಯುವ ಎರಡು ಕಾಲುಗಳನ್ನೂ ಬರೆದರೆ ಅದು ‘ಹೊರಗೆ ಹೋಗು’ ಎಂಬ ಬೇರೆಯೇ ಪದ. ಬಾಯಿ ‘ರ್’ ಎಂಬ ಧ್ವನಿಯನ್ನು ಮತ್ತೊಮ್ಮೆ ನೆನಪಿಸುತ್ತದೆ. ಕಾಲುಗಳಿಗೆ ಉಚ್ಚಾರಣೆಯೇ ಇಲ್ಲ, ಇದು ಚಲನೆಗೆ ಸೇರಿದ ಮಾತು ಎಂದು ತಿಳಿಸುವುದಷ್ಟೇ ಅವುಗಳ ಕೆಲಸ. ಈ ಲಿಪಿಯಲ್ಲಿ ಸ್ವರಗಳನ್ನು ಬರೆಯುತ್ತಿರಲಿಲ್ಲವಾದ್ದರಿಂದ ‘ಪೆರ್’ನಲ್ಲಿರುವ ಎಕಾರ ಇಂದಿನ ವಿದ್ವಾಂಸರು ಓದುವ ಅನುಕೂಲಕ್ಕೆ ಸೇರಿಸಿಕೊಂಡದ್ದು. ಕಾಗುಣಿತ ತಿದ್ದಿ ಬೆಳೆದವರಿಗೆ ಇದು ಸ್ವಲ್ಪ ಕಸಿವಿಸಿಯ ಸಂಗತಿಯೇ.

‘ಪೆರ್ ಆ’ ಎಂದರೆ ದೊಡ್ಡಮನೆ. ಮೊದಲು ಅರಮನೆಗಷ್ಟೇ ಸಲ್ಲುತ್ತಿದ್ದ ಈ ಮಾತು ಹೊಸ ಸಾಮ್ರಾಜ್ಯದಲ್ಲಿ, ಅಂದರೆ ಕ್ರಿ.ಪೂ. 1550ರ ನಂತರದ ಶತಮಾನಗಳಲ್ಲಿ, ಅರಸನಿಗೇ ಸಲ್ಲತೊಡಗಿ ಮುಂದೆ ‘ಫೇರೋ’ ಆಯಿತು. ‘ಅರಮನೆಯಿಂದ ಅಪ್ಪಣೆಯಾಗಿದೆ’ ಎಂಬ ಮಾತು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಹೊಸದೆನಿಸಿದ್ದು ಅದರ ಮುಂದಿನ ಕತೆ. ಈ ಭಾಷೆಯ ಕೊನೆಯ ರೂಪವಾದ ಕಾಪ್ಟಿಕ್‌ನಲ್ಲಿ ಪುಲ್ಲಿಂಗ ನಾಮಪದದ ಮೊದಲಿಗೆ ‘ಪ್’ ಎಂಬ ನಿರ್ದೇಶಕ ಉಪಪದ, ಅಂದರೆ ಇಂಗ್ಲಿಷಿನ ‘ದಿ’ಯಂಥದ್ದು, ಬರುತ್ತದೆ. ಜನ ‘ಪೆರ್ ಆ’ದ ಮೊದಲ ಅಕ್ಷರವನ್ನೂ ಅದೇ ಉಪಪದವೆಂದು ಭಾವಿಸಿ ಕಳಚಿಹಾಕಿದ್ದರಿಂದ ರಾಜ ಎನ್ನಲು ‘ರ್ರೋ’ ಮಾತ್ರ ಉಳಿಯಿತು. ಇಟ್ಟಿಗೆಗೆ ಇದರ ವಿರುದ್ಧದ ಗತಿ. ಪ್ರಾಚೀನ ‘ಜೆಬೆತ್’ ಕಾಪ್ಟಿಕ್‌ನಲ್ಲಿ ‘ತೋಬೆ’ಯಾಗಿ, ಅರಬ್ಬಿಯಲ್ಲಿ ಉಪಪದ ಅಂಟಿಸಿಕೊಂಡು ‘ಅತ್ತೂಬ್’ ಆಗಿ, ಆ ಅಂಟಿನ ಸಮೇತ ಸ್ಪ್ಯಾನಿಷ್‌ಗೆ ಹೋಗಿ ‘ಅಡೋಬಿ’ಯಾಯಿತು. ಕ್ಯಾಲಿಫೋರ್ನಿಯಾದ ಒಂದು ತೊರೆಗೆ ಆ ಹೆಸರಿತ್ತು. ನಮ್ಮ ಐಟಿ ಮಂದಿಗೆ ಗೊತ್ತಿರುವ ಸಾಫ್ಟ್‌ವೇರ್ ಕಂಪನಿಗೆ ಆ ತೊರೆಯ ಹೆಸರನ್ನೇ ಇಟ್ಟದ್ದು. ಇಂಥ ಉಪಪದವೇ ಇಲ್ಲದ ಕನ್ನಡದವರಿಗೆ ಒಂದು ಕಡೆ ಕಳಚಿದ್ದು, ಇನ್ನೊಂದು ಕಡೆ ಅಂಟಿದ್ದು ಎರಡೂ ಸಲೀಸಾಗಿ ಕಾಣುತ್ತವೆ.

1822ರಲ್ಲಿ ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್ ಈ ಲಿಪಿಯ ಗುಟ್ಟು ಬಿಡಿಸಿದ ಕತೆಯನ್ನು ಹತ್ತೇ ನಿಮಿಷದಲ್ಲಿ ಮುಗಿಸಿದರು, ಅಷ್ಟು ಸಾಕಾಗಿತ್ತು. ಆದರೆ 300 ರೂಪಾಯಿಗೆ ಬೇರೆಯಾಗಿ ಮಾರಿದ ಪುಸ್ತಿಕೆಯ ಬಗ್ಗೆ ಸುಮ್ಮನಿರಲಾರೆ. ಜೆರಾಕ್ಸಿನ ಜೆರಾಕ್ಸ್ ಆದ ಅದರಲ್ಲಿ ಗೂಬೆ ಯಾವುದು, ರಣಹದ್ದು ಯಾವುದು ತಿಳಿಯುವುದಿಲ್ಲ. ಒಂದು ‘ಮ್’, ಇನ್ನೊಂದು ಬೇರೆಯೇ ವ್ಯಂಜನವಾದ್ದರಿಂದ ಈ ಗೊಂದಲದಲ್ಲಿ ಪದವೇ ಕೆಡುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಕೊನೆಯ ಪುಟದಲ್ಲಿದೆ: ‘ನೈಲ್’ ನಮ್ಮ ‘ನೀರು’ವಿನಿಂದ ಬಂದದ್ದಂತೆ. ನೈಲ್ ಎಂಬುದು ಗ್ರೀಕರ ‘ನೈಲೋಸ್’. ಈಜಿಪ್ಟಿನವರು ತಮ್ಮ ಹೊಳೆಯನ್ನು ‘ಇತೆರು’ ಎನ್ನುತ್ತಿದ್ದರು, ಅದಕ್ಕೆ ಹೊಳೆ ಎಂದೇ ಅರ್ಥ. ಈ ಮಾತನ್ನು ಎತ್ತಿದಾಗ ಮೇಷ್ಟ್ರು ನಕ್ಕು, ಪುಸ್ತಿಕೆ ಬರೆದವರು ಬೇರೆಯವರು ಎಂದರು. ಮೂರು ಭಾನುವಾರ ಪದಗಳ ಹೆಜ್ಜೆಗಳನ್ನು ಒಂದೊಂದಾಗಿ ತೋರಿಸಿದವರು ಆ ಪುಟವನ್ನು ಹರಿದು ಕೊಡಬಹುದಿತ್ತು.

ಮುಂದಿನ ತಂಡದಲ್ಲಿ ಕಾಪ್ಟಿಕ್ ಅಕ್ಷರಗಳನ್ನೇ ಕಲಿಸುತ್ತಾರಂತೆ. ಶುಲ್ಕ ಕಟ್ಟಿದ್ದೇನೆ, ಪುಸ್ತಿಕೆ ಬೇಡವೆಂದು ರಸೀದಿಯ ಮೇಲೆ ಬರೆಸಿಕೊಂಡಿದ್ದೇನೆ.